ಮಸುಕು ಮಾಡುವವರು ಕಂಡದ್ದು

ಸುದ್ದಿ ವಾಹಿನಿಯಲ್ಲಿ ಅಪಘಾತದ ದೃಶ್ಯವೊಂದು ಬರುತ್ತದೆ. ನಡುವೆ ಒಂದು ಕಡೆ ಚಿತ್ರ ಮಸುಕು. ನಾಲ್ಕು ಸೆಕೆಂಡು, ಅಷ್ಟೇ. ನೋಡುವವರು ಮುಖ ಕಿವುಚುವಷ್ಟರಲ್ಲಿ ಮುಂದಿನ ಸುದ್ದಿ. ಸೆಕೆಂಡಿಗೆ 25 ಫ್ರೇಮಿನ (ಬಿಡಿ ಚಿತ್ರದ) ಲೆಕ್ಕದಲ್ಲಿ ಆ ನಾಲ್ಕು ಸೆಕೆಂಡಿಗೆ 100 ಫ್ರೇಮ್‌ಗಳು. ದಾರಿಹೋಕರು ಮೊಬೈಲಿನಲ್ಲಿ ತೆಗೆದದ್ದಾದ್ದರಿಂದ ಕೈ ನಡುಗಿಯೇ ಇರುತ್ತದೆ. ಮಸುಕಿನ ಪಟ್ಟಿ ತನ್ನಷ್ಟಕ್ಕೆ ಮುಖವನ್ನು ಹಿಂಬಾಲಿಸದೆ ಆಗಾಗ ಜಾರಿಬಿಡುತ್ತದೆ. ಆಗ ವಿಡಿಯೊ ಎಡಿಟರ್ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಒಂದೊಂದೇ ಫ್ರೇಮ್ ಮುಂದೆ ಸರಿಸುತ್ತ, ಪಟ್ಟಿಯನ್ನು ಮತ್ತೆ ಮುಖದ ಮೇಲೆ ಕೂರಿಸುತ್ತಾರೆ. ಮುಗಿದ ಮೇಲೆ ಮೊದಲಿನಿಂದ ಓಡಿಸಿ ನೋಡುತ್ತಾರೆ. ಎರಡೇ ಎರಡು ಫ್ರೇಮಿನಲ್ಲಿ ಕಣ್ಣು ಕಂಡಿತೆಂದರೂ ಮತ್ತೆ ಅದೇ ಕೆಲಸ. ಯಾರೂ ನೋಡಬಾರದೆಂದು ಮುಚ್ಚಿದ್ದನ್ನು ಒಬ್ಬರು ಮಾತ್ರ ಇಪ್ಪತ್ತು ನಿಮಿಷ ದಿಟ್ಟಿಸಿ ನೋಡಿರುತ್ತಾರೆ. ಅವರ ಹೆಸರು ಸುದ್ದಿಯಲ್ಲಿ ಬರುವುದಿಲ್ಲ. ಅವರಿಗೆ ಹೇಗಿದೆ ಎಂದು ಕೇಳುವ ವಾಡಿಕೆಯೂ ಇಲ್ಲ.

ಪತ್ರಿಕೋದ್ಯಮ ಮನಸ್ಸಿನ ಮೇಲೆ ಹೇರುವ ಭಾರದ ಮಾತು ಬಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ಯುದ್ಧ ವರದಿಗಾರರು. ಅದು ತಪ್ಪೇನಲ್ಲ. ಟೊರಾಂಟೊದ ಮನೋವೈದ್ಯ ಆಂಟನಿ ಫೈನ್‌ಸ್ಟೀನ್ ಮತ್ತು ಸಂಗಡಿಗರು 140 ಯುದ್ಧ ವರದಿಗಾರರ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇ 28.6ರಷ್ಟು ಜನರಿಗೆ ಜೀವನದ ಯಾವುದೋ ಘಟ್ಟದಲ್ಲಿ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹುಕಾಲ ಉಳಿಯುವ ಮಾನಸಿಕ ತೊಂದರೆ, ಕಾಡಿತ್ತು. ಆದರೆ ಅದೇ ಫೈನ್‌ಸ್ಟೀನ್ 2014ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಸಲ ಪರೀಕ್ಷೆಗೆ ಒಳಗಾದ 116 ಮಂದಿ ಯುದ್ಧಭೂಮಿಯಲ್ಲಿ ಕೆಲಸ ಮಾಡುತ್ತಿದ್ದವರಲ್ಲ. ಸುದ್ದಿಮನೆಯಲ್ಲಿ ಕೂತು, ಜನ ಕಳಿಸಿದ ಹಿಂಸೆಯ ದೃಶ್ಯಗಳನ್ನು ಸೋಸುವವರು. ಅಲ್ಲಿ ಕಂಡದ್ದು ಇದು: ಎಷ್ಟು ಹೊತ್ತು ನೋಡಿದರು ಎಂಬುದಕ್ಕಿಂತ ಎಷ್ಟು ಸಲ ನೋಡಬೇಕಾಗಿ ಬಂತು ಎಂಬುದಕ್ಕೂ ಅವರ ಸಂಕಟಕ್ಕೂ ಹೆಚ್ಚು ನಂಟು. ಅದಕ್ಕೂ ಒಂದು ವರ್ಷ ಮೊದಲು, 2013ರಲ್ಲಿ, ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯ ಐದನೇ ಆವೃತ್ತಿಯಲ್ಲಿ ಪರದೆಯ ಮೇಲೆ ನೋಡಿದ್ದನ್ನು ಪಿಟಿಎಸ್‌ಡಿಗೆ ಕಾರಣವೆಂದು ಒಪ್ಪಿತ್ತು. ಅದಕ್ಕೆ ಒಂದು ಷರತ್ತಿದೆ: ನೋಡಿದ್ದು ಕೆಲಸದ ಭಾಗವಾಗಿರಬೇಕು.

ಈ ಎರಡನ್ನು ಜೊತೆಗಿಟ್ಟು ನೋಡಿದರೆ ಪ್ರಶ್ನೆಯ ದಿಕ್ಕೇ ಬದಲಾಗುತ್ತದೆ. ಭಾರದ ಒಂದು ಪಾಲು ಘಟನೆಯದು. ಅದನ್ನು ಯಾರೂ ತಪ್ಪಿಸಲಾರರು. ಇನ್ನೊಂದು ಪಾಲು ಹುಟ್ಟುವುದು ನಾವು ಕೆಲಸ ಮಾಡುವ ಕ್ರಮದಿಂದ: ಯಾರು, ಎಷ್ಟು ಸಲ, ಯಾವ ಗಾತ್ರದಲ್ಲಿ, ಶಬ್ದ ಇಟ್ಟೋ ಇಡದೆಯೋ ನೋಡುತ್ತಾರೆ ಎಂಬುದರಿಂದ. ಎರಡನೆಯದನ್ನು ಕಡಿಮೆ ಮಾಡಲು ಗಟ್ಟಿ ಎದೆ ಬೇಕಿಲ್ಲ, ಒಂದು ಪದ್ಧತಿ ಸಾಕು. ಸುದ್ದಿಮನೆಗಳು ಮಾತ್ರ ಇಂದಿಗೂ ಗಟ್ಟಿ ಎದೆಯವರನ್ನೇ ಹುಡುಕುತ್ತಿವೆ.

ಒಂದು ಕ್ಲಿಪ್, ಎಂಟು ಜೋಡಿ ಕಣ್ಣು

ಕಚ್ಚಾ ಫುಟೇಜ್ ಒಳಗೆ ಬಂದ ಮೇಲೆ ಯಾರ್‍ಯಾರ ಮುಂದೆ ಹಾಯುತ್ತದೆ ಎಂದು ಎಣಿಸಿ ನೋಡಿ. ಹೊರಗಿನಿಂದ ಬರುವ ಸುದ್ದಿ, ದೃಶ್ಯಗಳನ್ನು ಪಡೆಯುವ ಇನ್‌ಪುಟ್ ಡೆಸ್ಕಿನವರು ಮೊದಲು ತೆರೆಯುತ್ತಾರೆ. ಇದು ನಿಜವೇ, ಹಳೆಯದೇ ಎಂದು ಪರಿಶೀಲಿಸುವವರು ಎರಡನೆಯವರು; ಅವರಂತೂ ಹಿನ್ನೆಲೆಯ ಬೋರ್ಡು, ವಾಹನದ ನಂಬರು, ನೆರಳಿನ ದಿಕ್ಕು ಹುಡುಕುತ್ತ ಹತ್ತಾರು ಸಲ ಓಡಿಸಬೇಕು. ಆಮೇಲೆ ಬುಲೆಟಿನ್ ಪ್ರೊಡ್ಯೂಸರ್, ಸ್ಕ್ರಿಪ್ಟ್ ಬರೆಯುವವರು, ವಿಡಿಯೊ ಎಡಿಟರ್, ಯೂಟ್ಯೂಬಿಗೆ ಥಂಬ್‌ನೇಲ್ ಮಾಡುವವರು, ರೀಲ್ಸ್‌ಗೆ ಕತ್ತರಿಸುವವರು, ಕೊನೆಗೆ “ಇದನ್ನ ಹಾಕಬಹುದಾ ಸರ್?” ಎಂದು ಯಾರನ್ನು ಕೇಳುತ್ತಾರೋ ಆ ಹಿರಿಯರು. ಎಂಟು ಜನರಾಯಿತು. ಇವರಲ್ಲಿ ಪೂರ್ತಿ ನೋಡಲೇಬೇಕಾದವರು ಪರಿಶೀಲಿಸುವವರು ಮತ್ತು ಎಡಿಟರ್, ಇಬ್ಬರೇ. ಉಳಿದ ಆರು ಜನ ನೋಡುವುದಕ್ಕೆ ಕಾರಣ ಒಂದೇ: ಮೊದಲು ನೋಡಿದವರು ಏನನ್ನೂ ಬರೆದಿಟ್ಟಿಲ್ಲ.

ಬರೆದಿಡುವುದು ಕಷ್ಟದ ಕೆಲಸವಲ್ಲ. ಫೈಲಿನ ಹೆಸರು ‘ಎಚ್ಚರ’ ಎಂದು ಶುರುವಾಗಲಿ. ಜೊತೆಗೆ ಎರಡು ಸಾಲಿನ ಟಿಪ್ಪಣಿ: “00:00ರಿಂದ 00:38 ರಸ್ತೆ, ಜನ, ಬಳಸಬಹುದು. 00:42ರಿಂದ 00:51 ಗಾಯ, ಮುಖ ಕಾಣುತ್ತದೆ, ಮಗು. 00:47ರಲ್ಲಿ ಕೂಗು. 00:55ರ ನಂತರ ಆಂಬುಲೆನ್ಸ್, ಬಳಸಬಹುದು.” ಪ್ರೊಡ್ಯೂಸರ್‌ಗೂ ಸ್ಕ್ರಿಪ್ಟ್ ಬರೆಯುವವರಿಗೂ ಇಷ್ಟು ಸಾಕು. ‘ಮಗು’ ಎಂಬ ಒಂದು ಪದವನ್ನು ಬಿಡಬಾರದು. ಎಷ್ಟೋ ಜನ ಬೇರೆ ಎಲ್ಲವನ್ನೂ ತಡೆದುಕೊಂಡು ಅಲ್ಲಿ ಕುಸಿಯುತ್ತಾರೆ. ಟಿಪ್ಪಣಿಯಲ್ಲಿ ವಿಶೇಷಣ ಬೇಡ. “ಭೀಕರ” ಎಂದು ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ, ಕುತೂಹಲ ಮಾತ್ರ ಹೆಚ್ಚುತ್ತದೆ, ಮತ್ತು ಅವರೂ ತೆರೆದು ನೋಡುತ್ತಾರೆ.

ಇನ್ನು ನೋಡಲೇಬೇಕಾದ ಆ ಇಬ್ಬರ ವಿಷಯ. ಮೊದಲ ಸಲ ಶಬ್ದ ಪೂರ್ತಿ ಬಂದ್ ಮಾಡಿ ನೋಡಬೇಕು. ಈ ಕೆಲಸದಲ್ಲಿ ಇರುವವರು ಬಹುತೇಕ ಒಪ್ಪುವ ಮಾತಿದು: ಚಿತ್ರಕ್ಕಿಂತ ಶಬ್ದ ಹೆಚ್ಚು ದಿನ ಉಳಿಯುತ್ತದೆ. ಕಣ್ಣನ್ನು ಬೇರೆಡೆ ತಿರುಗಿಸಬಹುದು, ಹೆಡ್‌ಫೋನ್ ಹಾಕಿಕೊಂಡ ಕಿವಿಗೆ ಆ ಅವಕಾಶವಿಲ್ಲ. ಎಡಿಟಿಂಗ್ ಪರದೆಯ ಟೈಮ್‌ಲೈನಿನಲ್ಲಿ ಶಬ್ದದ ಅಲೆ ಕಾಣಿಸುತ್ತದೆ. ಎಲ್ಲಿ ದಿಢೀರ್ ಎದ್ದಿದೆಯೋ ಅಲ್ಲಿ ಕೂಗಿದೆ ಎಂದು ಕೇಳದೆಯೇ ಗೊತ್ತಾಗುತ್ತದೆ. ಮಾತು ಬೇಕಿದ್ದರೆ ಆ ಭಾಗವನ್ನಷ್ಟೇ, ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ, ಸಣ್ಣ ದನಿಯಲ್ಲಿ ಕೇಳಿದರಾಯಿತು. ಕಿಟಕಿಯನ್ನು ಪರದೆಯ ಕಾಲುಭಾಗಕ್ಕೆ ಕುಗ್ಗಿಸುವುದು, ಬಣ್ಣ ತೆಗೆದು ಕಪ್ಪುಬಿಳುಪು ಮಾಡುವುದು, ಬೋರ್ಡು ಹುಡುಕುವಾಗ ದೇಹವಿರುವ ಮೂಲೆಯ ಮೇಲೆ ಒಂದು ಚೀಟಿ ಅಂಟಿಸಿಕೊಳ್ಳುವುದು, ಇವೆಲ್ಲ ಬಾಲಿಶವೆನಿಸಬಹುದು. ಆದರೆ ನೆತ್ತರಿನ ಕೆಂಪು ಹೋದ ಕೂಡಲೇ ಚಿತ್ರ ಅರ್ಧದಷ್ಟು ದೂರ ಸರಿಯುತ್ತದೆ. ಓಡಿಸುವ ಮೊದಲು ಸಣ್ಣ ಚಿತ್ರಗಳ ಸಾಲಿನಲ್ಲಿ ಮುಂದೆ ಏನಿದೆ ಎಂದು ಒಮ್ಮೆ ಕಣ್ಣಾಡಿಸಿಕೊಳ್ಳಬೇಕು, ಏಕೆಂದರೆ ಇಲ್ಲಿ ಹೆಚ್ಚು ಹಾನಿ ಮಾಡುವುದು ಅನಿರೀಕ್ಷಿತವಾಗಿ ಎದುರಾದದ್ದು. ಮುಂದಿನದು ಗೊತ್ತಿದ್ದರೆ ಮನಸ್ಸು ಒಂದಿಷ್ಟು ಸಜ್ಜಾಗಿರುತ್ತದೆ.

ಅದೇ ಕಾರಣಕ್ಕೆ ನೋಡಿ ಮುಗಿದ ಮೇಲೆ ಅದೇ ಚಿತ್ರ ಬೇರೆ ಕಡೆ ಎದುರಾಗದಂತೆಯೂ ನೋಡಿಕೊಳ್ಳಬೇಕು. ಎಡಿಟಿಂಗ್ ಸಾಫ್ಟ್‌ವೇರ್‌ಗಳು ಟೈಮ್‌ಲೈನಿನ ಉದ್ದಕ್ಕೂ ಫ್ರೇಮ್‌ಗಳನ್ನು ತೋರಿಸುತ್ತವೆ. ಅದನ್ನು ಹೆಸರು ಮಾತ್ರ ಕಾಣುವಂತೆ ಬದಲಿಸಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ವಾಟ್ಸ್ಆ್ಯಪ್. ವರದಿಗಾರರ ಗುಂಪಿಗೆ ಬಂದ ಶವದ ಚಿತ್ರ ತಾನಾಗಿ ಡೌನ್‌ಲೋಡ್ ಆಗಿ ಫೋನಿನ ಗ್ಯಾಲರಿಯಲ್ಲಿ ಮಗಳ ಹುಟ್ಟುಹಬ್ಬದ ಫೋಟೊ ಪಕ್ಕ ಕೂರುತ್ತದೆ. ಡೌನ್‌ಲೋಡನ್ನೂ ಗ್ಯಾಲರಿಗೆ ಸೇರುವುದನ್ನೂ ನಿಲ್ಲಿಸಲು ಸೆಟ್ಟಿಂಗ್ಸ್‌ನಲ್ಲಿ ಎರಡು ಗುಂಡಿ ಒತ್ತಿದರೆ ಸಾಕು. ಎಷ್ಟು ಸುದ್ದಿಮನೆಗಳಲ್ಲಿ ಹೊಸಬರಿಗೆ ಮೊದಲ ದಿನ ಇದನ್ನು ಹೇಳಿಕೊಡುತ್ತಾರೆ?

ಮಸುಕು ಮಾಡುವುದಕ್ಕೂ ಪರ್ಯಾಯಗಳಿವೆ. ಆ ನಾಲ್ಕು ಸೆಕೆಂಡು ನಿಜಕ್ಕೂ ಬೇಕೇ ಎಂಬುದು ಮೊದಲ ಪ್ರಶ್ನೆ. ಹೆಚ್ಚಿನ ಸಲ ಬೇಡ. ಬೇಕೇ ಆದರೆ ಮುಖವನ್ನು ಹಿಂಬಾಲಿಸುವ ಪಟ್ಟಿಯ ಬದಲು ಇಡೀ ಚಿತ್ರಕ್ಕೆ ಒಂದೇ ದಪ್ಪ ಮಸುಕು ಹಾಕಬಹುದು, ಅಥವಾ ದೇಹವಿಲ್ಲದ ಫ್ರೇಮೊಂದನ್ನು ಸ್ಥಿರಚಿತ್ರವಾಗಿ ನಿಲ್ಲಿಸಬಹುದು. ಎರಡೂ ನಿಮಿಷದ ಕೆಲಸ. “ವಿಷುವಲ್ಸ್ ಸ್ಟ್ರಾಂಗ್ ಇರಲಿ, ಬ್ಲರ್ ಹಾಕಿ” ಎನ್ನುವವರಿಗೆ ಆ ಬ್ಲರ್‌ಗೆ ತಗಲುವ ವೆಚ್ಚ ಕಾಣುವುದಿಲ್ಲ.

ಆಡಿಯೊದಲ್ಲೂ ಇದೇ ತೊಂದರೆಯಿದೆ, ಅದರ ಮಾತು ಇನ್ನೂ ಕಡಿಮೆ. ಅತ್ಯಾಚಾರ ಸಂತ್ರಸ್ತೆಯ ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕೆ ಇಳಿಸುವವರು ಅದನ್ನು ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಗಂಟೆ ಕೇಳುತ್ತಾರೆ. ಬಿಕ್ಕಳಿಕೆಯ ನಡುವಿನ ಪದ ತಿಳಿಯದಿದ್ದರೆ ಬಿಕ್ಕಳಿಕೆಯನ್ನೇ ಮತ್ತೆ ಮತ್ತೆ ಕೇಳಬೇಕು. ಅನುವಾದ ಮಾಡಿ ದನಿ ಕೊಡುವವರಂತೂ “ನನ್ನನ್ನು ಹೊಡೆದರು” ಎಂದು ಉತ್ತಮ ಪುರುಷದಲ್ಲೇ ಹೇಳಬೇಕು. ಬೇರೆಯವರ ನೋವು ಅವರ ಬಾಯಲ್ಲಿ ‘ನಾನು’ ಆಗಿಬಿಡುತ್ತದೆ. ಮೊದಲ ಕರಡನ್ನು ಯಂತ್ರದಿಂದ ಮಾಡಿಸಿ, ಬಳಸಲಿರುವ ಹತ್ತು ವಾಕ್ಯಗಳನ್ನು ಮಾತ್ರ ಮನುಷ್ಯರು ಕೇಳಿ ತಿದ್ದಿದರೆ ಈ ಗಂಟೆಗಳು ನಿಮಿಷಗಳಾಗುತ್ತವೆ.

ಸಾವಿನ ಮನೆಯ ಬಾಗಿಲಲ್ಲಿ

ಪರದೆಯ ಭಾರ ಒಂದು ಬಗೆಯಾದರೆ ವರದಿಗಾರರು ಹೊತ್ತು ತರುವುದು ಇನ್ನೊಂದು ಬಗೆ. ಸತ್ತವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ಈ ವೃತ್ತಿಯ ಅತ್ಯಂತ ಹಳೆಯ ಕೆಲಸಗಳಲ್ಲೊಂದು. ಹೆಚ್ಚಾಗಿ ಅದಕ್ಕೆ ಕಳಿಸುವುದು ಅತ್ಯಂತ ಹೊಸಬರನ್ನು. ಬಾಗಿಲಲ್ಲಿ ನಿಂತ ಆ ಹುಡುಗನ ಕಿಸೆಯಲ್ಲಿ ಫೋನ್ ಗುಂಯ್‌ಗುಡುತ್ತಿರುತ್ತದೆ. “ಅಮ್ಮನ ಬೈಟ್ ಸಿಕ್ತಾ?” “ಸರ್, ಅವರು ಮಾತಾಡೋ ಸ್ಥಿತಿಯಲ್ಲಿಲ್ಲ.” “ಪಕ್ಕದ ಚಾನೆಲ್‌ನಲ್ಲಿ ಓಡ್ತಿದೆಯಲ್ರೀ!” ಫೋನ್ ಕಟ್. ಇದಾದ ಮೇಲೆ ಅವನು ಮೈಕ್ ಹಿಡಿದು ಒಳಗೆ ಹೋಗಿ ಕೇಳುವ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು.

ಹೋಗಲೇಬಾರದು ಎನ್ನುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಹೋಗದಿದ್ದರೆ ಸತ್ತವರ ಬಗ್ಗೆ ಪೊಲೀಸರ ಮಾತೊಂದೇ ಉಳಿಯುತ್ತದೆ. ಎಷ್ಟೋ ಮನೆಯವರು ಮಾತಾಡಲು ಬಯಸುತ್ತಾರೆ, ತಮ್ಮವರು ಬರೀ ಒಂದು ಸಂಖ್ಯೆಯಾಗಬಾರದೆಂದು. ಕೆಡುವುದು ಹೋಗುವ ರೀತಿಯಲ್ಲಿ. ಸಾವಿನ ಸುದ್ದಿ ಮನೆಯವರಿಗೆ ಅಧಿಕೃತವಾಗಿ ತಲುಪಿದೆಯೇ ಎಂದು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕು. ವರದಿಗಾರರಿಂದ ಅವರಿಗೆ ವಿಷಯ ತಿಳಿಯುವಂತಾದರೆ ಅದು ಎರಡೂ ಕಡೆಯವರನ್ನು ಬಹುಕಾಲ ಬಿಡುವುದಿಲ್ಲ. ಕ್ಯಾಮೆರಾ ಹೊರಗೇ ಇರಲಿ, ಅನುಮತಿ ಸಿಕ್ಕ ಮೇಲೆ ಬರಲಿ. ಹೆಸರು, ಸಂಸ್ಥೆ, ಬಂದ ಕಾರಣ ಹೇಳಿ, “ಬೇಡ ಅಂದ್ರೆ ಹೇಳಿ, ಹೊರಟುಬಿಡ್ತೀನಿ” ಎಂದು ಹೇಳಬೇಕು, ಬೇಡ ಎಂದರೆ ನಿಜಕ್ಕೂ ಹೊರಡಬೇಕು. ಫೋನ್ ನಂಬರಿನ ಚೀಟಿ ಬಿಟ್ಟು ಬಂದರೆ ಎರಡು ದಿನದ ಮೇಲೆ ಅವರೇ ಕರೆ ಮಾಡುವುದುಂಟು. “ಹೇಗನಿಸ್ತಿದೆ?” ಎನ್ನುವುದರ ಬದಲು “ಅವರ ಬಗ್ಗೆ ಹೇಳ್ತೀರಾ, ಹೇಗಿದ್ರು?” ಎಂದರೆ ಮಾತು ಬದುಕಿನ ಕಡೆ ಹೊರಳುತ್ತದೆ. ಗೋಡೆಯ ಮೇಲಿನ ಫೋಟೊವನ್ನು ಒಯ್ಯಬಾರದು, ಅಲ್ಲೇ ಪ್ರತಿ ತೆಗೆದುಕೊಳ್ಳಬೇಕು. ಒಯ್ದದ್ದು ಡೆಸ್ಕಿನಲ್ಲಿ ಕಳೆದುಹೋಗುತ್ತದೆ. ಹೆಸರಿನ ಅಕ್ಷರ, ವಯಸ್ಸು, ಸಂಬಂಧ ಇವನ್ನು ಬರೆದುಕೊಂಡು ಓದಿ ಹೇಳಬೇಕು. ಹೊರಗಿನವರಿಗೆ ಅದು ಚಿಕ್ಕ ತಪ್ಪು, ಮನೆಯವರು ಮಾತ್ರ ವರ್ಷಗಟ್ಟಲೆ ಮರೆಯುವುದಿಲ್ಲ. ಏಳುವ ಮೊದಲು ಇದು ಯಾವಾಗ ಬರಬಹುದು, ತಲೆಬರಹ ತಾನು ಕೊಡುವುದಲ್ಲ, ಹೇಳಿದ್ದೆಲ್ಲ ಬರುವುದಿಲ್ಲ ಎಂದು ತಿಳಿಸಬೇಕು.

ಈ ಕೊನೆಯ ಮಾತಿನಲ್ಲೇ ವರದಿಗಾರರ ಭಾರದ ಮೂಲ ಇರುವುದು. ಇವರಿಗೆ ರಾತ್ರಿ ನಿದ್ದೆ ಕೆಡಿಸುವುದು ಬಹಳ ಸಲ ಕಂಡ ಶವವಲ್ಲ, ಕೊಟ್ಟ ಮಾತು. “ಮಗಳ ಕಾಯಿಲೆ ವಿಷಯ ಬರೆಯಬೇಡಪ್ಪಾ” ಎಂದು ತಾಯಿ ಕೈ ಹಿಡಿದು ಹೇಳಿರುತ್ತಾರೆ, ವರದಿಗಾರ ಬರೆದಿರುವುದಿಲ್ಲ, ಡೆಸ್ಕಿನಲ್ಲಿ ಯಾರೋ ಪೊಲೀಸ್ ಮೂಲದಿಂದ ಅದನ್ನೇ ತಂದು ತಲೆಬರಹ ಮಾಡಿರುತ್ತಾರೆ. ಮರುದಿನ ಕರೆ ಬರುವುದು ವರದಿಗಾರನಿಗೆ. ಭಯದಿಂದಾಗುವ ಗಾಯಕ್ಕೂ ನಾಚಿಕೆಯಿಂದಾಗುವ ಗಾಯಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ ವೈದ್ಯರಲ್ಲಿ ಚಿಕಿತ್ಸೆಯಿದೆ. ಎರಡನೆಯದನ್ನು ಆಪ್ತಸಮಾಲೋಚಕರ ಮುಂದೆ ಎಷ್ಟೇ ಹೇಳಿಕೊಂಡರೂ ತಲೆಬರಹ ಕೊಟ್ಟವರು ಅದೇ ಕುರ್ಚಿಯಲ್ಲಿ, ಅದೇ ರೀತಿ ಕೆಲಸ ಮಾಡುತ್ತಿರುತ್ತಾರೆ. ಪರಿಹಾರ ಇರುವುದು ಡೆಸ್ಕಿನಲ್ಲೇ: ಕಾಪಿಯ (ಬರೆದ ವರದಿಯ) ಮೇಲ್ಗಡೆ “ಮನೆಯವರಿಗೆ ಕೊಟ್ಟ ಮಾತು” ಎಂದೊಂದು ಸಾಲು, ಅದನ್ನು ಮೀರಬೇಕಾದರೆ ವರದಿಗಾರರಿಗೆ ಮೊದಲು ಫೋನ್ ಮಾಡಬೇಕೆಂಬ ಕಟ್ಟುನಿಟ್ಟು.

ಹುರುಪಿನ ನಾಚಿಕೆ

ಹೊರಗಿನವರ ಮುಂದೆ ಯಾರೂ ಹೇಳದ ಸಂಗತಿಯೊಂದಿದೆ. ದೊಡ್ಡ ದುರಂತದ ದಿನ ಸುದ್ದಿಮನೆ ಅತ್ಯಂತ ಚೆನ್ನಾಗಿ ಕೆಲಸ ಮಾಡುತ್ತದೆ. ಜಗಳಗಳು ನಿಲ್ಲುತ್ತವೆ, ಎಲ್ಲರ ಕೈ ಚುರುಕಾಗುತ್ತದೆ, ಮನೆಗೆ ಹೋಗು ಎಂದರೂ ಯಾರೂ ಹೋಗುವುದಿಲ್ಲ. ಪರದೆಯ ಕೆಳಗೆ ಓಡುವ ಟಿಕ್ಕರಿನಲ್ಲಿ ಸಾವಿನ ಸಂಖ್ಯೆ ಏರಿದಾಗ ಸುದ್ದಿ ದೊಡ್ಡದಾಯಿತೆಂಬ ಚುರುಕು ಮೊದಲು ಬರುತ್ತದೆ, ಸಂಕಟ ಆಮೇಲೆ. “ಮೂರೇ ಜನಾನಾ?” ಎಂಬ ಮಾತು ಯಾರದೋ ಬಾಯಿಂದ ಬಿದ್ದು, ಎಲ್ಲರೂ ಕೇಳಿಸಿಕೊಳ್ಳದಂತೆ ಇರುತ್ತಾರೆ. ಇದು ಕ್ರೌರ್ಯವಲ್ಲ, ಒತ್ತಡದಲ್ಲಿ ದೇಹ ಹಾಗೆಯೇ ವರ್ತಿಸುತ್ತದೆ. ಆದರೆ ಅದನ್ನು ಯಾರೂ ಹೇಳಿಕೊಡದ ಕಾರಣ ಹೊಸಬರು ತಾವೊಬ್ಬರೇ ಕಲ್ಲಾಗಿದ್ದೇವೆಂದು ಒಳಗೊಳಗೇ ಕೊರಗುತ್ತಾರೆ.

ಕುಸಿತ ಬರುವುದು ಸುದ್ದಿ ಬುಲೆಟಿನ್‌ನಿಂದ ಇಳಿದ ಮೇಲೆ, ಬೇರೆಯವರೆಲ್ಲ ಚುನಾವಣೆಗೋ ಕ್ರಿಕೆಟ್ಟಿಗೋ ದಾಟಿರುವಾಗ. ಬಿಡುವು ಕೊಡುವುದಾದರೆ ಆ ವಾರವೇ ಕೊಡಬೇಕು. “ಸೇರಿಸಿಟ್ಕೊಳ್ಳಿ, ಆಮೇಲೆ ತಗೊಳ್ಳಿ” ಎಂದ ರಜೆ ಯಾರಿಗೂ ಸಿಕ್ಕಿದ್ದಿಲ್ಲ. ಆಂಕರ್‌ಗಳ ಪಾಡು ಇನ್ನೊಂದು. ಕಿವಿಯಲ್ಲಿ ಪಿಸಿಆರ್‌ನಿಂದ (ಪ್ರಸಾರದ ನಿಯಂತ್ರಣ ಕೊಠಡಿಯಿಂದ) “ಇನ್ನೊಂಚೂರು ಎಳೀರಿ” ಎಂಬ ದನಿ, ಲೈನಿನಲ್ಲಿ ಅಳುತ್ತಿರುವ ತಂದೆ, ಹತ್ತು ಸೆಕೆಂಡಿನಲ್ಲಿ ನಗುತ್ತ ಸಿನಿಮಾ ಸುದ್ದಿ. ಮುಖ ಬದಲಿಸುವುದನ್ನು ಅವರು ಕಲಿತಿರುತ್ತಾರೆ, ನಿಜ. ರನ್‌ಡೌನ್, ಅಂದರೆ ಸುದ್ದಿಗಳ ಸರದಿ, ಮಾಡುವವರು ನಡುವೆ ಒಂದು ಬ್ರೇಕನ್ನೋ ಒಂದು ಒಣ ಸುದ್ದಿಯನ್ನೋ ಇಟ್ಟರೆ ಆ ವಿದ್ಯೆಯ ಅಗತ್ಯ ಕಡಿಮೆಯಾಗುತ್ತದೆ.

ಪೋಸ್ಟರಿನ ಮೇಲಿನ ನಂಬರು

ಈಗೀಗ ಕೆಲವು ಸಂಸ್ಥೆಗಳು ಲಿಫ್ಟಿನ ಪಕ್ಕ ಆಪ್ತಸಮಾಲೋಚನೆಯ ಫೋನ್ ನಂಬರ್ ಅಂಟಿಸುತ್ತವೆ. ಇರಲಿ, ಬೇಡವೆನ್ನುವುದಿಲ್ಲ. ಆದರೆ ಆ ನಂಬರಿಗೆ ಕರೆ ಮಾಡಿದ್ದು ಮ್ಯಾನೇಜ್‌ಮೆಂಟಿಗೆ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಪೋಸ್ಟರಿನಲ್ಲೇ ಬರೆದಿರದಿದ್ದರೆ ಯಾರೂ ಕರೆ ಮಾಡುವುದಿಲ್ಲ. ಇನ್ನು ಕೆಲವರು ದುರಂತದ ಮರುದಿನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಕಂಡದ್ದನ್ನೆಲ್ಲ ಹೇಳಿಸುತ್ತಾರೆ. ಒಳ್ಳೆಯ ಉದ್ದೇಶವೇ, ಆದರೆ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ: ಪಿಟಿಎಸ್‌ಡಿ ತಡೆಯಲೆಂದು ಈ ಬಗೆಯ ಡಿಬ್ರೀಫಿಂಗ್ ಮಾಡಬೇಡಿ. ಮರುದಿನ ಬೇಕಾದದ್ದು ಊಟ, ನಿದ್ದೆ, ಯಾರು ಯಾವಾಗ ಮನೆಗೆ ಹೋಗುತ್ತಾರೆ ಎಂಬ ಖಚಿತ ಮಾಹಿತಿ. ಕೆಟ್ಟ ಕನಸು, ದಿಢೀರ್ ಸಿಟ್ಟು, ಆ ಜಾಗದ ಹೆಸರು ಕೇಳಿದರೆ ಮೈ ಬೆವರುವುದು ಮೊದಲ ಒಂದೆರಡು ವಾರ ಅನೇಕರಿಗೆ ಇರುತ್ತದೆ, ಬಹುಪಾಲು ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಆ ಕ್ಷಣವೇ, ವೈದ್ಯರ ಬಳಿ ಹೋಗಬೇಕು.

ಡೆಸ್ಕಿನ ಮುಖ್ಯಸ್ಥರು ಗಮನಿಸಬೇಕಾದ ಲಕ್ಷಣಗಳು ಬೇರೆ. ಎಂದೂ ತಪ್ಪದವರ ಕಾಪಿಯಲ್ಲಿ ಅಂಕಿಗಳು ಅದಲುಬದಲಾಗುವುದು, ಮನೆಯವರಿಗೆ ಮಾಡಬೇಕಾದ ಫಾಲೋಅಪ್ ಕರೆಯನ್ನು ದಿನದಿನವೂ ಮುಂದೂಡುವುದು, ಶಿಫ್ಟ್ ಮುಗಿದರೂ ಕುರ್ಚಿ ಬಿಟ್ಟು ಏಳದಿರುವುದು. ಇನ್ನೊಂದನ್ನು ಜನ ಗುಣವೆಂದೇ ತಿಳಿಯುತ್ತಾರೆ: ಕೆಟ್ಟ ಫುಟೇಜ್ ಬಂದಾಗಲೆಲ್ಲ “ಕೊಡಿ, ನಾನೇ ಮಾಡ್ತೀನಿ, ನನಗೇನೂ ಆಗಲ್ಲ” ಎನ್ನುವವರು. ಅಂಥವರು ಸಿಕ್ಕರೆ ಎಲ್ಲರಿಗೂ ನಿರಾಳ. ಹಾಗಾಗಿ ಎಲ್ಲವೂ ಅವರ ಮೇಲೆಯೇ ಬೀಳುತ್ತದೆ. ಸರದಿ ಪಟ್ಟಿ ಬೇಕಿರುವುದು ಮುಖ್ಯವಾಗಿ ಅವರಿಗಾಗಿ. ಜೊತೆಗೆ, ಯಾರು ಯಾವ ವಿಷಯ ಮಾಡಲಾರರು ಎಂಬ ಪಟ್ಟಿಯೊಂದಿರಲಿ, ಕಾರಣ ಕೇಳದೆ. ಒಬ್ಬರಿಗೆ ಬೆಂಕಿ, ಇನ್ನೊಬ್ಬರಿಗೆ ಹಸುಗೂಸು.

ಕೇಳಿಕೊಂಡರೂ ಅಂಥ ಕೆಲಸದಿಂದ ಬಿಡಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಪ್ರಕರಣವೊಂದಿದೆ. ವರ್ಷಗಟ್ಟಲೆ ಕ್ರೈಂ ಬೀಟ್ ಮಾಡಿ ಬಸವಳಿದ ಪತ್ರಕರ್ತೆಯೊಬ್ಬರು ತನ್ನಿಂದಾಗದೆಂದು ಹೇಳಿಕೊಂಡಿದ್ದರು. ಆ ಬಳಿಕವೂ ಅವರನ್ನು ಕೋರ್ಟ್ ವರದಿಗೆ ಹಾಕಲಾಯಿತು. ಬೀಟಿನ ಹೆಸರು ಬದಲಾಯಿತೇ ಹೊರತು ವಿಷಯ ಬದಲಾಗಲಿಲ್ಲ. ಕ್ರೈಂ ವರದಿಗಾರರು ಎರಡು ಸಾಲಿನಲ್ಲಿ ಕೇಳುವ ಕೊಲೆಯನ್ನು ಕೋರ್ಟ್ ವರದಿಗಾರರು ಮರಣೋತ್ತರ ವರದಿ, ಫೋಟೊ, ಸಾಕ್ಷಿಗಳ ಸಮೇತ ದಿನಗಟ್ಟಲೆ ಕೇಳುತ್ತಾರೆ. 2019ರಲ್ಲಿ ವಿಕ್ಟೋರಿಯಾದ ಕೌಂಟಿ ಕೋರ್ಟ್ ಅವರಿಗೆ 1,80,000 ಆಸ್ಟ್ರೇಲಿಯನ್ ಡಾಲರ್ ಪರಿಹಾರ ಕೊಡುವಂತೆ ಪತ್ರಿಕೆಗೆ ಆದೇಶಿಸಿತು.

ಪತ್ರಕರ್ತರಿಗೆ ಬರುವ ಬೈಗುಳದ ಇನ್‌ಬಾಕ್ಸ್ ಬಗ್ಗೆ ಎರಡು ಮಾತು. ಯುನೆಸ್ಕೊ ಮತ್ತು ಅಂತರರಾಷ್ಟ್ರೀಯ ಪತ್ರಕರ್ತರ ಕೇಂದ್ರ 2020ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಮಹಿಳಾ ಪತ್ರಕರ್ತರಲ್ಲಿ ಶೇ 73ರಷ್ಟು ಮಂದಿ ಆನ್‌ಲೈನ್ ಹಿಂಸೆ ಅನುಭವಿಸಿದ್ದರು. “ಓದಬೇಡಿ, ಬಿಟ್ಟುಬಿಡಿ” ಎಂಬ ಸಲಹೆಯಿಂದ ಉಪಯೋಗವಿಲ್ಲ, ಏಕೆಂದರೆ ನೂರು ಬೈಗುಳದ ನಡುವೆ ಮನೆ ವಿಳಾಸ ಬರೆದ ಒಂದು ಬೆದರಿಕೆ ಇರಬಹುದು. ಓದಲೇಬೇಕು, ಆದರೆ ಗುರಿಯಾದವರು ಓದಬೇಕಿಲ್ಲ. ಸಹೋದ್ಯೋಗಿಯೊಬ್ಬರು ಕೂತು ಮೂರು ಪಾಲು ಮಾಡಲಿ: ಬೆದರಿಕೆಗಳನ್ನು ಲಿಂಕ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಇಡುವುದು, ಬೈಗುಳಗಳನ್ನು ತೋರಿಸದೆ ಅಳಿಸುವುದು, ನಿಜವಾದ ಟೀಕೆಗಳನ್ನು ಮಾತ್ರ ದಾಟಿಸುವುದು.

ವರ್ಷ ತುಂಬಿದಾಗ

ಎಲ್ಲರೂ ಮರೆಯುವ ಜಾಗ ಆರ್ಕೈವ್, ಹಳೆಯ ದೃಶ್ಯಗಳ ಸಂಗ್ರಹ. ಒಂದು ಸಲ ಎಚ್ಚರದಿಂದ ಮಸುಕು ಮಾಡಿ ಪ್ರಸಾರ ಮಾಡಿದ ಸುದ್ದಿಯ ಕಚ್ಚಾ ಫೈಲ್ ಸರ್ವರಿನಲ್ಲಿ ಹಾಗೇ ಇರುತ್ತದೆ. ವರ್ಷದ ನಂತರ ಬೇರೊಂದು ಅಪಘಾತಕ್ಕೆ ಫೈಲ್ ಶಾಟ್ (ಸಾಂದರ್ಭಿಕವಾಗಿ ಬಳಸುವ ಹಳೆಯ ದೃಶ್ಯ) ಬೇಕಾದಾಗ, ಆ ದಿನ ಅಲ್ಲಿಲ್ಲದ ಯಾರೋ ಅದನ್ನು ಎಳೆದು ಟೈಮ್‌ಲೈನಿಗೆ ಹಾಕುತ್ತಾರೆ. ಅವರಿಗೆ ಅದು ಮುನ್ಸೂಚನೆಯಿಲ್ಲದ ಹೊಡೆತ. ಎಡವಟ್ಟಾಗಿ ಪ್ರಸಾರವಾದರೆ ಮನೆಯವರಿಗೆ ಇನ್ನೂ ದೊಡ್ಡದು. ಹಾಗಾಗಿ ಸುದ್ದಿ ಇಳಿದ ವಾರವೇ ಕಚ್ಚಾ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿ, ಸಾಮಾನ್ಯ ಹುಡುಕಾಟದಲ್ಲಿ ಮಸುಕು ಮಾಡಿದ ಪ್ರತಿ ಮಾತ್ರ ಸಿಗುವಂತೆ ಮಾಡಬೇಕು. ಮೊದಲ ದಿನ ಬರೆದ ಟಿಪ್ಪಣಿ ಫೈಲಿನ ಜೊತೆಗೇ ಹೋಗಬೇಕು, ಮನೆಯವರಿಗೆ ಕೊಟ್ಟ ಮಾತಿನ ಸಾಲು ಸಹಿತ. “ಬೇರೆ ಸುದ್ದಿಗೆ ಫೈಲ್ ಶಾಟ್ ಆಗಿ ಬಳಸಬೇಡಿ” ಎಂದೂ ಸೇರಿಸಬೇಕು.

ವರ್ಷ ತುಂಬಿದ ದಿನಕ್ಕೆ ವಿಶೇಷ ಪ್ಯಾಕೇಜ್ ಮಾಡುವುದಾದರೆ, ಮನೆಯವರಿಗೆ ಮುಂಚೆ ತಿಳಿಸಬೇಕು, ಯಾವ ದೃಶ್ಯ ಇರುತ್ತದೆ ಎಂಬುದನ್ನೂ. ಸಾಧ್ಯವಾದರೆ ಅಂದು ಅವರ ಮನೆಗೆ ಹೋಗಿದ್ದ ವರದಿಗಾರರೇ ಆ ಕರೆ ಮಾಡಲಿ. ಅವರು ಒಲ್ಲೆ ಎಂದರೆ ಒತ್ತಾಯ ಬೇಡ, ಡೆಸ್ಕಿನ ಹಿರಿಯರು ಮಾಡಲಿ. ಕರೆ ಹೋಗಬೇಕಾದದ್ದು ಪ್ಯಾಕೇಜ್ ರನ್‌ಡೌನಿಗೆ ಏರುವ ಮೊದಲು. ಪ್ರೋಮೊ ಓಡಲು ಶುರುವಾದ ಮೇಲೆ ಮಾಡಿದ ಕರೆಯಲ್ಲಿ “ಬೇಡ” ಎನ್ನುವ ಅವಕಾಶವನ್ನು ಅವರಿಗೆ ಬಿಟ್ಟಿರುವುದಿಲ್ಲ.